ಬಡ್ಡಿ ಹುಟ್ಟದ ಓದು

ಬಡ ದೇಶಗಳು ಶಾಲೆಗೆ ಯಾಕೆ ಹಣ ಸುರಿಯಬೇಕು? ದೇಶ ಉದ್ಧಾರವಾಗುತ್ತದೆ ಎಂಬುದೇ ಸಿದ್ಧ ಉತ್ತರ. 1979ರಲ್ಲಿ ನೊಬೆಲ್ ಪಡೆದ ಥಿಯೋಡರ್ ಷುಲ್ಟ್ಜ್ ಓದನ್ನು ಬಂಡವಾಳವೆಂದೇ ಲೆಕ್ಕ ಹಾಕಿದರು. ಅದಕ್ಕೂ ಬಹಳ ಮೊದಲು, ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, 1913ರಲ್ಲೇ ಮೈಸೂರು ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ತಂದಿತ್ತು.

ಆದರೆ ಈ ಬಂಡವಾಳದ ಲೆಕ್ಕ ಬಡವನ ಮನೆಯೊಳಕ್ಕೂ ಬರುತ್ತದೆ. “ಮಗಳು ಹತ್ತನೇ ಕ್ಲಾಸು ಮುಗಿಸಿದ್ರೆ ಏನ್ ಸಿಗುತ್ತೆ ಸಾಬ್ರೇ?” ಎಂದು ಟಿ. ನರಸೀಪುರದ ಕೂಲಿಯವನು ಕೇಳಿದರೆ ಅವನೂ ಷುಲ್ಟ್ಜ್‌ನ ಮಾತನ್ನೇ ಆಡುತ್ತಿದ್ದಾನೆ. ಡಿಗ್ರಿ ಮುಗಿಸಿ, ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕೆಲಸಕ್ಕೆ ಅಲೆಯುವ ಹುಡುಗರನ್ನು ಅವನು ಕಂಡಿದ್ದಾನೆ. ಬಡ್ಡಿ ಹುಟ್ಟದ ಕಡೆ ಯಾರು ದುಡ್ಡು ಹಾಕುತ್ತಾರೆ? (ಬಡ್ಡಿ ಹರಾಮು ಎನ್ನುವ ನಾವೂ ಓದಿನ ವಿಷಯದಲ್ಲಿ ಬಡ್ಡಿಯನ್ನೇ ಎಣಿಸುತ್ತೇವೆ.)

ಓದು ಮನುಷ್ಯನ ಸ್ವಾತಂತ್ರ್ಯವನ್ನೇ ಹಿಗ್ಗಿಸುತ್ತದೆ, ಸಂಬಳ ಅದರ ಒಂದು ಫಲ ಮಾತ್ರ ಎಂದವರು ಅಮರ್ತ್ಯ ಸೇನ್. ನನಗೆ ಇದೇ ಸರಿ. ಪಹಣಿ ಓದಬಲ್ಲ, ನಿಕಾಹ್‌ನಾಮೆಯಲ್ಲಿ ಏನಿದೆಯೆಂದು ತಿಳಿದು ಸಹಿ ಹಾಕಬಲ್ಲ ಹೆಣ್ಣುಮಗಳ ಗಳಿಕೆ ಯಾವ ದೇಶದ ಆದಾಯದ ಪಟ್ಟಿಗೂ ಸೇರುವುದಿಲ್ಲ.

ಆ ತಂದೆಗೆ ಇದನ್ನು ಹೇಳುವುದು ಮಾತ್ರ ಸುಲಭವಲ್ಲ. ಮಗಳ ದುಡಿಮೆ ಬಿಡುವವನು ಅವನು, ನಾನಲ್ಲ. ಬಿಸಿಯೂಟ, ಉಚಿತ ಪುಸ್ತಕ ಆ ನಷ್ಟದ ಒಂದು ಪಾಲನ್ನಷ್ಟೇ ತುಂಬುತ್ತವೆ. ಉಳಿದದ್ದನ್ನು ಇಂದಿಗೂ ಅವನೇ ಹೊರುತ್ತಿದ್ದಾನೆ.