ಹಳೆಯ ಪಿಯಾನೋದ ವಯಸ್ಸು

ಹೊನ್ನಾವರದ ಒಂದು ಮನೆಯಲ್ಲಿ ಹಳೆಯ ಪಿಯಾನೋ ಇತ್ತು. "ಪೋರ್ಚುಗೀಸರು ಕೋಟೆ ಆಳಿದ ಕಾಲದ್ದು ಫಾದರ್, ನಮ್ಮ ಮಾವ ಹೇಳುತ್ತಿದ್ದರು" ಎಂದು ಮನೆಯ ಅಜ್ಜಿ ಹೆಮ್ಮೆಪಡುತ್ತಿದ್ದರು. ಮಗಳ ಮದುವೆಗೆಂದು ಅದನ್ನು ಮಾರಲು ಹೊರಟಿದ್ದ ಅಜ್ಜಿಯ ಮಗ, "ನೀವು ಹಾಗೆಂದು ಒಂದು ಸಾಲು ಬರೆದುಕೊಟ್ಟರೆ ಒಳ್ಳೆಯ ಬೆಲೆ ಬರುತ್ತದೆ" ಎಂದು ನನ್ನನ್ನು ಕೇಳಿಕೊಂಡರು.

ಪೋರ್ಚುಗೀಸರು ಹೊನ್ನಾವರದ ಕೋಟೆಯನ್ನು ಹಿಡಿದದ್ದು 1569ರಲ್ಲಿ. 1650ರ ದಶಕದಲ್ಲಿ ಅದು ಕೆಳದಿಯ ಶಿವಪ್ಪನಾಯಕನ ವಶವಾಯಿತು. ಇಟಲಿಯ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಪಿಯಾನೋವನ್ನು ರೂಪಿಸಿದ್ದೇ 1700ರ ಸುಮಾರಿಗೆ. ಆದುದರಿಂದ ಆ ಮಾತು ನಿಜವಾಗಿರಲು ಸಾಧ್ಯವಿರಲಿಲ್ಲ.

ಭಟ್ಕಳದ ಶಿಲಾಶಾಸನಗಳು ತಮ್ಮ ಶಕವರ್ಷವನ್ನು ತಾವೇ ಹೇಳುತ್ತವೆ. ಪಿಯಾನೋದ ವಯಸ್ಸನ್ನಾದರೋ ನಾವೇ ಹುಡುಕಬೇಕು. ಮುಚ್ಚಳ ತೆರೆದರೆ ಒಳಗೆ ಕಬ್ಬಿಣದ ಚೌಕಟ್ಟಿನ ಮೇಲೋ ಮರದ ಮೇಲೋ ಸಾಮಾನ್ಯವಾಗಿ ಕ್ರಮಸಂಖ್ಯೆ ಇರುತ್ತದೆ. ಅದನ್ನು ತಯಾರಕರ ವರ್ಷವಾರು ಪಟ್ಟಿಯೊಂದಿಗೆ ಹೋಲಿಸಿದರೆ ತಯಾರಾದ ಕಾಲ ತಿಳಿಯುತ್ತದೆ. ಸಂಖ್ಯೆ ಅಳಿಸಿದ್ದರೆ ಬೇರೆ ಸಾಕ್ಷಿಗಳುಂಟು. ವಾದ್ಯದ ಮೇಲೆ ಅಚ್ಚಾದ ಪ್ರದರ್ಶನ ಪದಕಗಳಲ್ಲಿ ಕೊನೆಯದರ ವರ್ಷಕ್ಕಿಂತ ಅದು ಹಳೆಯದಾಗಿರಲಾರದು. 'ಮೇಡ್ ಇನ್ ಜರ್ಮನಿ' ಎಂದಿದ್ದರೆ ಬಹುಮಟ್ಟಿಗೆ 1887ರ ಬ್ರಿಟಿಷ್ ಕಾನೂನಿನ ನಂತರದ್ದು. ಹೊರನೋಟವನ್ನು ಮಾತ್ರ ನಂಬಬಾರದು. ಕುಮಟಾದಿಂದ ಭಟ್ಕಳದವರೆಗಿನ ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ ತಂತಿಗೆ ತುಕ್ಕು ಹಿಡಿಸಿ, ಅಂಟು ಬಿಡಿಸಿ, ವಾದ್ಯವನ್ನು ಇರುವುದಕ್ಕಿಂತ ಮುದಿಯಾಗಿ ತೋರಿಸುತ್ತವೆ.

ಆ ಪಿಯಾನೋದೊಳಗೆ ನಮಗೆ ಕಂಡದ್ದು ಜರ್ಮನಿಯ ಆ ಗುರುತೇ. ನಾನು ಅಷ್ಟನ್ನೇ ಬರೆದುಕೊಟ್ಟೆ. ಬೆಲೆ ಇಳಿಯಿತು. ಮಗ ಬಹುದಿನ ನನ್ನೊಡನೆ ಮಾತು ಬಿಟ್ಟರು. ಬಡ ತಂದೆಯೊಬ್ಬನ ಕಷ್ಟಕ್ಕಿಂತ ಒಂದು ಇಸವಿ ದೊಡ್ಡದೇ ಎಂದು ನನ್ನ ಮನಸ್ಸೂ ಕೇಳಿತು. ಆದರೆ ಆ ಸುಳ್ಳಿನ ಬೆಲೆಯನ್ನು ತೆರಬೇಕಾದವನು ನಮ್ಮನ್ನು ನಂಬಿ ಬಂದ ಅಪರಿಚಿತ. ನಮ್ಮವರ ಮೇಲಿನ ಕರುಣೆಯನ್ನು ಇನ್ನೊಬ್ಬರ ಜೇಬಿನಿಂದ ತೋರುವುದು ಕರುಣೆಯಲ್ಲ.

ಅಜ್ಜಿ ಕೇಳಿದ ಪ್ರಶ್ನೆ ಇದಕ್ಕಿಂತ ಕಠಿಣವಾಗಿತ್ತು: "ಹಾಗಾದರೆ ನಮ್ಮ ಮಾವ ಸುಳ್ಳು ಹೇಳಿದರೇ, ಫಾದರ್?"

"ಇಲ್ಲ ಅಜ್ಜಿ. ಅವರು ಹಿರಿಯರಿಂದ ಕೇಳಿದ್ದನ್ನು ನಂಬಿ ಹೇಳಿದರು. ತಿಳಿಯದೆ ಹೇಳಿದ ತಪ್ಪು ಸುಳ್ಳಲ್ಲ. ಸತ್ಯ ತಿಳಿದ ಮೇಲೂ ಅದನ್ನೇ ಹೇಳಿದರೆ ಸುಳ್ಳು. ಅವರು ಇದನ್ನು ನುಡಿಸಿದ್ದನ್ನು ನೀವೇ ಕೇಳಿದ್ದೀರಲ್ಲ?"

"ಪ್ರತಿ ಕ್ರಿಸ್ಮಸ್ ರಾತ್ರಿ" ಎಂದರು ಅಜ್ಜಿ.

ಪ್ರಿಯ ಓದುಗರೇ, ನಮ್ಮ ಮನೆತನ, ನಮ್ಮ ಇಗರ್ಜಿ, ನಮ್ಮ ಊರು ಹಳೆಯದೆಂದು ಹೇಳಿಕೊಳ್ಳುವ ಆಸೆ ನಮ್ಮೆಲ್ಲರಲ್ಲೂ ಇದೆ. ಹಿರಿಯರನ್ನು ಗೌರವಿಸಲು ಅವರು ಬಿಟ್ಟುಹೋದ ವಸ್ತುಗಳಿಗೆ ಇಲ್ಲದ ವಯಸ್ಸನ್ನು ಕೂಡಿಸಬೇಕಾಗಿಲ್ಲ.