ಅಧಿಕಾರ ಕಳೆದುಕೊಂಡ ದೇವತೆಗಳು

ಬೌದ್ಧಧರ್ಮ ನಿರೀಶ್ವರವಾದಿ ಎಂದು ಪಠ್ಯಪುಸ್ತಕದಲ್ಲಿ ಓದಿಕೊಂಡವರು ಪಾಲಿ ಸುತ್ತಗಳನ್ನು ತೆರೆದರೆ ತಬ್ಬಿಬ್ಬಾಗುತ್ತಾರೆ. ಅಲ್ಲಿ ಎಲ್ಲೆಲ್ಲೂ ದೇವತೆಗಳು. ನಡುರಾತ್ರಿಯಲ್ಲಿ ಜೇತವನವನ್ನೆಲ್ಲ ಬೆಳಗುತ್ತ ಬರುತ್ತಾರೆ, ಬುದ್ಧನಿಗೆ ವಂದಿಸಿ ಒಂದು ಬದಿಗೆ ನಿಲ್ಲುತ್ತಾರೆ, ಪ್ರಶ್ನೆ ಕೇಳುತ್ತಾರೆ, ಉತ್ತರ ಪಡೆದು ಮರೆಯಾಗುತ್ತಾರೆ. ಸಂಯುತ್ತನಿಕಾಯದ ಮೊದಲ ಭಾಗದ ಹೆಸರೇ ದೇವತಾ ಸಂಯುತ್ತ. ಜ್ಞಾನೋದಯದ ಬಳಿಕ, ತಾನು ಕಂಡದ್ದು ಜನರ ತಲೆಗೆ ಹತ್ತದು ಎಂದು ಬುದ್ಧ ಸುಮ್ಮನಿರಲು ಬಗೆದಾಗ, ಧಮ್ಮವನ್ನು ಬೋಧಿಸಬೇಕೆಂದು ಮೊರೆಯಿಟ್ಟವನು ಸಹಂಪತಿ ಬ್ರಹ್ಮ. ದೇವರಿಲ್ಲದ ಧರ್ಮದ ಮೊದಲ ಉಪದೇಶಕ್ಕೆ ದೇವನೊಬ್ಬನೇ ನಿಮಿತ್ತನಾದ.

ಈ ತೊಡಕನ್ನು ಬಿಡಿಸಿಕೊಳ್ಳಲು ಎರಡು ಸುಲಭದ ದಾರಿಗಳುಂಟು. ದೇವತೆಗಳೆಲ್ಲ ಜನಸಾಮಾನ್ಯರಿಗಾಗಿ ಆಮೇಲೆ ಸೇರಿಸಿದ ಅಲಂಕಾರ, ಅದನ್ನು ಕಿತ್ತರೆ ಶುದ್ಧ ವಿಚಾರವಾದ ಸಿಗುತ್ತದೆ ಎಂಬುದು ಒಂದು. ನೋಡಿ, ಅವರಿಗೂ ದೇವರಿದ್ದಾನೆ, ಅದೂ ನಮ್ಮದೇ ಮರದ ಕೊಂಬೆ ಎಂಬುದು ಇನ್ನೊಂದು. ಎರಡೂ ದಾರಿಗಳು ದೇವರು ಇದ್ದಾನೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆಯಿಂದ ಹೊರಡುತ್ತವೆ. ಬುದ್ಧನ ಪ್ರಶ್ನೆ ಅದಾಗಿರಲಿಲ್ಲ. ದೇವತೆಗಳು ಇದ್ದರೆ ಇರಲಿ, ಅವರ ಕೈಯಲ್ಲಿ ಏನಿದೆ ಎಂಬುದು ಅವನ ಪ್ರಶ್ನೆ. ಅವನು ದೇವತೆಗಳಿಂದ ಅಸ್ತಿತ್ವವನ್ನು ಕಸಿದುಕೊಳ್ಳಲಿಲ್ಲ, ಅಧಿಕಾರವನ್ನು ಕಸಿದುಕೊಂಡ. ನನ್ನ ದೃಷ್ಟಿಯಲ್ಲಿ ಇದು ನಾಸ್ತಿಕತೆಗಿಂತ ಆಳವಾದ ಬಂಡಾಯ.

ದೀಘನಿಕಾಯದ ಕೇವಟ್ಟ ಸುತ್ತದಲ್ಲಿ ಬುದ್ಧನೇ ಹೇಳುವ ಕತೆಯೊಂದಿದೆ. ಮಣ್ಣು, ನೀರು, ಬೆಂಕಿ, ಗಾಳಿ ಎಂಬ ನಾಲ್ಕು ಮಹಾಭೂತಗಳು ಎಲ್ಲಿ ಉಳಿವಿಲ್ಲದಂತೆ ಅಡಗುತ್ತವೆ ಎಂಬ ಪ್ರಶ್ನೆ ಒಬ್ಬ ಭಿಕ್ಷುವಿಗೆ ಹುಟ್ಟುತ್ತದೆ. ಧ್ಯಾನಬಲದಿಂದ ದೇವಲೋಕಕ್ಕೇರಿ ಕೇಳುತ್ತಾನೆ. ತಮಗೆ ತಿಳಿಯದು, ಮೇಲಿನವರನ್ನು ಕೇಳು ಎನ್ನುತ್ತಾರೆ ಅಲ್ಲಿಯವರು. ಸರ್ಕಾರಿ ಕಚೇರಿಯ ಅರ್ಜಿಯಂತೆ ಭಿಕ್ಷು ಮೇಜಿನಿಂದ ಮೇಜಿಗೆ ಸಾಗುತ್ತಾನೆ: ನಾಲ್ವರು ಮಹಾರಾಜರು, ತಾವತಿಂಸದ ಮೂವತ್ತಮೂವರು, ಅವರ ಒಡೆಯ ಸಕ್ಕ, ಅಂದರೆ ನಮ್ಮ ಇಂದ್ರ, ಹೀಗೆ ಮೇಲೇರುತ್ತ ಕೊನೆಗೆ ಮಹಾಬ್ರಹ್ಮನ ಮುಂದೆ. ಅವನು ಉತ್ತರಕ್ಕೆ ಬದಲು ತನ್ನ ಬಿರುದಾವಳಿಯನ್ನೇ ಒಪ್ಪಿಸುತ್ತಾನೆ. ತಾನು ಒಡೆಯ, ಸೃಷ್ಟಿಕರ್ತ, ಆದವರಿಗೂ ಆಗಲಿರುವವರಿಗೂ ತಂದೆ. ಭಿಕ್ಷು ಬಿಡುವವನಲ್ಲ. ನೀನು ಯಾರೆಂದು ನಾನು ಕೇಳಲಿಲ್ಲವಲ್ಲ ಎಂದು ಮತ್ತೆ ಅದೇ ಪ್ರಶ್ನೆ ಇಡುತ್ತಾನೆ, ಮತ್ತೆ ಅದೇ ಬಿರುದಾವಳಿ. ಮೂರನೆಯ ಸಲ ಬ್ರಹ್ಮ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ಯುತ್ತಾನೆ. ತನಗೆ ತಿಳಿಯದ್ದೇ ಇಲ್ಲವೆಂದು ಈ ದೇವತೆಗಳೆಲ್ಲ ನಂಬಿದ್ದಾರೆ, ಅದಕ್ಕೇ ಅವರೆದುರು ಹೇಳಲಿಲ್ಲ, ನಿಜಕ್ಕೂ ತನಗೆ ಗೊತ್ತಿಲ್ಲ, ಬುದ್ಧನನ್ನು ಬಿಟ್ಟು ಇಲ್ಲಿಗೆ ಬಂದದ್ದೇ ನಿನ್ನ ತಪ್ಪು ಎನ್ನುತ್ತಾನೆ.

ಇದು ವಿಡಂಬನೆ ನಿಜ, ಆದರೆ ದ್ವೇಷವಿಲ್ಲದ ವಿಡಂಬನೆ. ಬ್ರಹ್ಮ ಇಲ್ಲಿ ದುಷ್ಟನಲ್ಲ. ಮರ್ಯಾದೆ ಕಾಪಾಡಿಕೊಳ್ಳಲು ಹೆಣಗುವ ದೊಡ್ಡ ಮನುಷ್ಯ, ಅಷ್ಟೆ. ಅವನಿಗೆ ಸೃಷ್ಟಿಕರ್ತನೆಂಬ ಭ್ರಮೆ ಹತ್ತಿದ್ದು ಹೇಗೆಂಬುದಕ್ಕೆ ಬ್ರಹ್ಮಜಾಲ ಸುತ್ತದಲ್ಲಿ ವಿವರಣೆಯಿದೆ. ಲೋಕ ಕುಗ್ಗಿ ಮತ್ತೆ ಹಿಗ್ಗುವಾಗ ಬರಿದಾದ ಬ್ರಹ್ಮವಿಮಾನದಲ್ಲಿ ಜೀವಿಯೊಂದು ಮೊದಲಿಗನಾಗಿ ಹುಟ್ಟುತ್ತದೆ. ಬಹುಕಾಲ ಒಂಟಿಯಾಗಿದ್ದು ಬೇಸತ್ತು, ಬೇರೆಯವರೂ ಬರಬಾರದೇ ಎಂದು ಹಂಬಲಿಸುತ್ತದೆ. ತಮ್ಮ ಪುಣ್ಯ ತೀರಿದ ಇತರ ಜೀವಿಗಳು ಮೇಲಿನ ಲೋಕದಿಂದ ಜಾರಿ ಅದೇ ಹೊತ್ತಿಗೆ ಅಲ್ಲಿ ಹುಟ್ಟುತ್ತವೆ. ನಾನು ಬಯಸಿದೆ, ಇವರು ಬಂದರು, ಆದ್ದರಿಂದ ನಾನೇ ಇವರನ್ನು ಸೃಷ್ಟಿಸಿದೆ ಎಂದು ಅವನು ತಿಳಿಯುತ್ತಾನೆ. ಇವನು ಮೊದಲೇ ಇದ್ದ, ಆದ್ದರಿಂದ ಇವನೇ ನಮ್ಮ ಕರ್ತೃ ಎಂದು ಅವರೂ ತಿಳಿಯುತ್ತಾರೆ. ಕಾಕತಾಳೀಯವನ್ನು ಕಾರಣವೆಂದು ಬಗೆದ ಎರಡೂ ಕಡೆಯ ತಪ್ಪಿನಿಂದ ಈಶ್ವರನೆಂಬ ಹುದ್ದೆ ಹುಟ್ಟಿಕೊಳ್ಳುತ್ತದೆ.

ಶತಮಾನಗಳ ನಂತರ ಬೌದ್ಧ ದಾರ್ಶನಿಕ ವಸುಬಂಧು ಅಭಿಧರ್ಮಕೋಶದಲ್ಲಿ ಇದೇ ಮಾತಿಗೆ ತರ್ಕದ ಕಟ್ಟು ಹಾಕಿದ. ಎಲ್ಲಕ್ಕೂ ಈಶ್ವರನೊಬ್ಬನೇ ಕಾರಣವಾದರೆ ಎಲ್ಲವೂ ಒಮ್ಮೆಗೇ ಹುಟ್ಟಬೇಕಿತ್ತು, ಆದರೆ ಜಗತ್ತಿನಲ್ಲಿ ಒಂದಾದ ಮೇಲೊಂದು ಹುಟ್ಟುತ್ತದೆ. ಅವನೂ ಬೇರೆ ಕಾರಣಗಳಿಗಾಗಿ ಕಾಯುತ್ತಾನೆ ಎಂದರೆ ಅವನೊಬ್ಬನೇ ಕಾರಣನೆಂಬ ಮಾತು ಬಿದ್ದುಹೋಯಿತು.

ಅಧಿಕಾರದ ಜೊತೆ ಅಮರತ್ವವೂ ಹೋಯಿತು. ತಾವತಿಂಸದ ಆಯುಸ್ಸು ಮನುಷ್ಯರ ಲೆಕ್ಕದಲ್ಲಿ 3 ಕೋಟಿ 60 ಲಕ್ಷ ವರ್ಷ. ದೀರ್ಘವೇ, ಆದರೆ ಕೊನೆಯುಂಟು. ಕೊನೆ ಹತ್ತಿರವಾದಾಗ ದೇವತೆಯ ಮಾಲೆ ಬಾಡುತ್ತದೆ, ಬಟ್ಟೆ ಮಾಸುತ್ತದೆ, ಕಂಕುಳಲ್ಲಿ ಬೆವರೊಡೆಯುತ್ತದೆ, ಮೈಬಣ್ಣ ಕೆಡುತ್ತದೆ, ಕೂತ ಆಸನ ಹಿತವೆನಿಸುವುದಿಲ್ಲ. ಆಗ ಸಂಗಾತಿ ದೇವತೆಗಳು ಅವನಿಗೆ ಸದ್ಗತಿಯನ್ನು ಹಾರೈಸುತ್ತಾರೆ. ಇತಿವುತ್ತಕದ ಪ್ರಕಾರ ದೇವತೆಗಳ ಪಾಲಿನ ಆ ಸದ್ಗತಿ ಯಾವುದು ಗೊತ್ತೇ? ಮನುಷ್ಯಜನ್ಮ. ನಾವು ಸತ್ತವರಿಗೆ ಸ್ವರ್ಗ ಹಾರೈಸುತ್ತೇವೆ, ಸ್ವರ್ಗದವರು ತಮ್ಮವರಿಗೆ ಭೂಮಿಯನ್ನು ಹಾರೈಸುತ್ತಾರೆ. ಅತಿಸುಖದಲ್ಲಿ ಎಚ್ಚರ ಹುಟ್ಟುವುದಿಲ್ಲ, ಅತಿದುಃಖದಲ್ಲಿ ಬಿಡುವು ಸಿಗುವುದಿಲ್ಲ. ಎರಡೂ ಬೆರೆತ ಮನುಷ್ಯಲೋಕದಲ್ಲೇ ಬಿಡುಗಡೆಯ ದಾರಿ ಹೆಚ್ಚು ಸಲೀಸು. ಪೂಜ್ಯತೆಯ ಏಣಿಯನ್ನು ಬೌದ್ಧರು ಹೀಗೆ ತಲೆಕೆಳಗು ಮಾಡಿದರು.

ಆದರೂ ದೇವತ್ವವನ್ನು ಅವರು ಪೂರ್ತಿ ಎಸೆಯಲಿಲ್ಲ. ಬ್ರಹ್ಮನನ್ನು ಸೇರುವ ದಾರಿ ಯಾವುದೆಂದು ಜಗಳಾಡುತ್ತ ಬಂದ ಇಬ್ಬರು ಬ್ರಾಹ್ಮಣ ತರುಣರಿಗೆ, ತೇವಿಜ್ಜ ಸುತ್ತದಲ್ಲಿ, ಬುದ್ಧ ಯಜ್ಞವನ್ನೂ ಮಂತ್ರವನ್ನೂ ಹೇಳಲಿಲ್ಲ. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳನ್ನು ಎಲ್ಲೆಯಿಲ್ಲದಂತೆ ಹರಡುವುದೇ ಬ್ರಹ್ಮನ ಸಹವಾಸಕ್ಕೆ ದಾರಿ ಎಂದ. ಈ ನಾಲ್ಕಕ್ಕೆ ಬ್ರಹ್ಮವಿಹಾರಗಳೆಂದೇ ಹೆಸರು. ಮೇಲೆಲ್ಲೋ ಇದ್ದ ಲೋಕ ಮನಸ್ಸಿನ ಒಂದು ಇರವಾಯಿತು.

ಈ ಏರ್ಪಾಡು ಆಚರಣೆಯಲ್ಲಿ ಹೇಗೆ ನಿಂತಿತು? ಶ್ರೀಲಂಕಾದ ಕ್ಯಾಂಡಿಯಲ್ಲಿ ಬುದ್ಧನ ದಂತಧಾತು ಮಂದಿರದ ಆಸುಪಾಸಿನಲ್ಲೇ ನಾಥ, ವಿಷ್ಣು, ಕತರಗಾಮ, ಪತ್ತಿನಿ ಎಂಬ ನಾಲ್ಕು ದೇವಾಲಯಗಳಿವೆ. ಕತರಗಾಮ ನಮ್ಮ ಸ್ಕಂದ. ಪತ್ತಿನಿ ಶಿಲಪ್ಪದಿಕಾರದ ಕಣ್ಣಗಿ. ಎಸಳ ಪೆರಹೆರದ ಮೆರವಣಿಗೆಯಲ್ಲಿ ದಂತಮಂದಿರದ ಆನೆಗಳು ಮುಂದೆ, ನಾಲ್ಕು ದೇವಾಲಯಗಳ ಮೆರವಣಿಗೆಗಳು ಹಿಂದೆ. ಕಾಯಿಲೆಗೆ, ವ್ಯಾಜ್ಯಕ್ಕೆ, ಪರೀಕ್ಷೆಗೆ ಹರಕೆ ಹೊರಲು ಜನ ದೇವಾಲಯಕ್ಕೆ ಹೋಗುತ್ತಾರೆ. ನಿರ್ವಾಣವನ್ನು ಅಲ್ಲಿ ಯಾರೂ ಬೇಡುವುದಿಲ್ಲ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಪೂಜೆ ಮುಗಿದಾಗ ಬೌದ್ಧರು ತಾವು ಗಳಿಸಿದ ಪುಣ್ಯದಲ್ಲಿ ದೇವತೆಗಳಿಗೂ ಪಾಲು ಕೊಡುತ್ತಾರೆ, ಬದಲಿಗೆ ರಕ್ಷಣೆ ಕೇಳುತ್ತಾರೆ. ಪುಣ್ಯ ಗಳಿಸುವ ಸೌಕರ್ಯ ಮನುಷ್ಯನಿಗೇ ಹೆಚ್ಚು, ದೇವತೆ ಪಾಲು ಪಡೆಯುವವನು. ಇದನ್ನು ಧರ್ಮದ ಅವನತಿ ಎಂದು ಹಳಿಯುವವರು ಈ ಕೊಡುಕೊಳ್ಳುವಿಕೆಯ ದಿಕ್ಕನ್ನು ಗಮನಿಸಿಲ್ಲ.

ನನ್ನ ವಾದಕ್ಕೆ ಗಟ್ಟಿ ಎದುರುತ್ತರ ಮಹಾಯಾನದ್ದು. ಮಂಗಳೂರಿನ ಕದ್ರಿಯಲ್ಲಿ ಆಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದ ಬೋಧಿಸತ್ತ್ವ ಲೋಕೇಶ್ವರನನ್ನು, 1095ರ ಡಂಬಳದ ಶಾಸನ ನೆನೆಯುವ ತಾರಾದೇವಿಯನ್ನು ಭಕ್ತರು ಕರೆದದ್ದು ಕಷ್ಟದಿಂದ ಪಾರುಮಾಡೆಂದೇ. ಅಮಿತಾಭ ಬುದ್ಧನ ಹೆಸರು ಹಿಡಿದರೆ ಅವನ ಲೋಕವಾದ ಸುಖಾವತಿ ಸಿಗುತ್ತದೆ ಎಂದು ಜಪಾನಿನ ಶಿನ್ರಾನ್ ಬೋಧಿಸಿದ. ಕಸಿದುಕೊಂಡ ಅಧಿಕಾರವನ್ನು ಇಲ್ಲಿ ಬೇರೆ ಹೆಸರಿನಲ್ಲಿ ಹಿಂತಿರುಗಿಸಿದಂತಾಗಲಿಲ್ಲವೇ? ಸ್ವಲ್ಪ ಮಟ್ಟಿಗೆ ಹೌದು. ಆದರೂ ಎರಡು ವ್ಯತ್ಯಾಸ ಉಳಿಯುತ್ತದೆ. ಅಮಿತಾಭ ಜಗತ್ತನ್ನು ಸೃಷ್ಟಿಸಿದವನಲ್ಲ, ಒಂದು ಕಾಲದಲ್ಲಿ ಧರ್ಮಾಕರನೆಂಬ ಭಿಕ್ಷುವಾಗಿದ್ದು ಸಂಕಲ್ಪಬಲದಿಂದ ಬುದ್ಧನಾದವನು. ಆ ಪದವಿ ತತ್ತ್ವದಲ್ಲಿ ಯಾರಿಗೂ ಮುಚ್ಚಿಲ್ಲ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠದ ಚಿನ್ನದ ಮೂರ್ತಿಗಳನ್ನೂ ಗೋಡೆಯ ಉಗ್ರದೇವತೆಗಳನ್ನೂ ನೋಡಿ ಬೆರಗಾಗುವವರು ತಿಳಿಯಬೇಕಾದದ್ದು ಎರಡನೆಯದು. ತಾಂತ್ರಿಕ ಸಾಧಕ ದೇವತೆಯನ್ನು ಧ್ಯಾನದಲ್ಲಿ ಅಂಗಾಂಗವಾಗಿ ಕಟ್ಟಿಕೊಳ್ಳುತ್ತಾನೆ, ಕೊನೆಯಲ್ಲಿ ಶೂನ್ಯತೆಯಲ್ಲಿ ಕರಗಿಸುತ್ತಾನೆ. ಕರಗಿಸದೆ ಉಳಿಸಿಕೊಂಡರೆ ಸಾಧನೆ ಅಪೂರ್ಣ.

ಇನ್ನೊಂದು ಪ್ರಶ್ನೆಯನ್ನು ನಮ್ಮ ಕಾಲ ಎತ್ತಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ತಮ್ಮ ಅನುಯಾಯಿಗಳಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮೊದಲನೆಯದೇ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ನಂಬುವುದಿಲ್ಲ, ಪೂಜಿಸುವುದಿಲ್ಲ ಎಂಬುದು. ಬುದ್ಧ ವಿಷ್ಣುವಿನ ಅವತಾರ ಎಂಬುದನ್ನೂ ಅವರು ತಳ್ಳಿಹಾಕಿದರು. ಸಹಂಪತಿ ಬ್ರಹ್ಮನಿಗೆ ಜಾಗ ಕೊಟ್ಟ ಬುದ್ಧನಿಗೆ ಇದು ವಿರುದ್ಧವೇ? ಹಾಗೆನಿಸುವುದಿಲ್ಲ. ಸುತ್ತಗಳ ಬ್ರಹ್ಮ ಬುದ್ಧನೆದುರು ಕೈಮುಗಿದು ನಿಂತವನು, ನಿರುಪದ್ರವಿ. 1930ರಲ್ಲಿ ನಾಸಿಕದ ಕಾಳಾರಾಮ ಮಂದಿರದ ಬಾಗಿಲಲ್ಲಿ ಸತ್ಯಾಗ್ರಹ ಹೂಡಬೇಕಾಗಿ ಬಂದವರ ಪಾಲಿಗೆ ದೇವರು ನಿರುಪದ್ರವಿ ಆಗಿರಲಿಲ್ಲ. ಅವನ ಹೆಸರಿನಲ್ಲಿ ಮನುಷ್ಯರ ಮೇಲುಕೀಳು ತೀರ್ಮಾನವಾಗುತ್ತಿತ್ತು. ಅಧಿಕಾರವನ್ನು ಬಿಟ್ಟುಕೊಡದ ದೇವರನ್ನು ನೆರೆಯವನಾಗಿ ಇಟ್ಟುಕೊಳ್ಳಲಾಗದು, ಹೊರಗೆ ಕಳಿಸಬೇಕಾಗುತ್ತದೆ. ದೇವರಿಂದ ಕಸಿದ ನ್ಯಾಯಾಧಿಕಾರ ಕರ್ಮದ ಕೈಗೆ ಹೋಗಿ ಅದೇ ಮೇಲುಕೀಳನ್ನು ಸಮರ್ಥಿಸಬಾರದೆಂದು, ಹಿಂದಿನ ಜನ್ಮದ ಕರ್ಮವೇ ಇಂದಿನ ಸ್ಥಿತಿಗೆ ಕಾರಣವೆಂಬ ವಾದವನ್ನೂ ಅವರು ಒಪ್ಪಲಿಲ್ಲ.

ದೇವರಿಲ್ಲ ಎಂದು ಸಾಧಿಸಿದ ಮಾತ್ರಕ್ಕೆ ಮನುಷ್ಯ ಸ್ವತಂತ್ರನಾಗುವುದಿಲ್ಲ. ತೆರವಾದ ಪೀಠಕ್ಕೆ ನಾಯಕನೋ ಪಕ್ಷವೋ ಗುರುವೋ ಬಂದು ಕೂತದ್ದನ್ನು ಇಪ್ಪತ್ತನೆಯ ಶತಮಾನ ಸಾಕಷ್ಟು ಕಂಡಿದೆ. ನನ್ನ ಬಿಡುಗಡೆಯ ಯಾವ ಭಾಗವನ್ನು ನೀನು ನನ್ನ ಬದಲಾಗಿ ಮಾಡಬಲ್ಲೆ ಎಂದು ಕೇಳುವ ಬೌದ್ಧ ಪ್ರಶ್ನೆಗೆ ಇವರೂ ಉತ್ತರಿಸಬೇಕಾಗುತ್ತದೆ. ಬುದ್ಧ ತನ್ನನ್ನೂ ಇದರಿಂದ ಹೊರಗಿಡಲಿಲ್ಲ. ದಾರಿ ತೋರಿಸುವುದಷ್ಟೇ ತನ್ನ ಕೆಲಸ, ನಡೆಯಬೇಕಾದವರು ನೀವು ಎಂದ. ಸಾಯುವ ಮುನ್ನ ತನ್ನ ಜಾಗಕ್ಕೆ ಉತ್ತರಾಧಿಕಾರಿಯನ್ನೂ ನೇಮಿಸಲಿಲ್ಲ. ದೇವತೆಗಳ ಅಧಿಕಾರ ಕಸಿದವನು ಅದನ್ನು ತಾನು ಇಟ್ಟುಕೊಳ್ಳಲಿಲ್ಲ ಎಂಬುದೇ ಆ ಬಂಡಾಯ ಪ್ರಾಮಾಣಿಕವಾಗಿತ್ತು ಎನ್ನಲು ಸಾಕ್ಷಿ.