ಮೊದಲ ರೀಡಿಂಗ್

ಆ ಭಾನುವಾರ ಬೆಳಿಗ್ಗೆ ಮೀಟರ್ 0.18 ತೋರಿಸಿತು. ನನಗೆ ಬೇಕಾಗಿದ್ದ ಸಂಖ್ಯೆ ಅದಲ್ಲ. ಸೀಸೆ ಸರಿಯಾಗಿ ಒರೆಸಿರಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಮಾಡಿದೆ. 0.11 ಬಂತು. ಒಳಗೆ ಗುಳ್ಳೆ ಇತ್ತೇನೋ ಎಂದು ಮತ್ತೊಮ್ಮೆ ಮಾಡಿದೆ. 0.06. ಹಾಂ, ಇದು ಸರಿ. ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ 0.06 ಎಂದು ಬರೆದು ಕಾಫಿಗೆ ಎದ್ದೆ.

ಡೈನಿಂಗ್ ಟೇಬಲ್ಲಿನ ಇನ್ನೊಂದು ತುದಿಯಲ್ಲಿ ಮಗಳು ಗಣಿತ ಮಾಡುತ್ತಾ ಕೂತಿದ್ದಳು. ಹತ್ತನೇ ಕ್ಲಾಸು. ತಲೆ ಎತ್ತದೆ ಕೇಳಿದಳು: "ಅಪ್ಪ, ಫಸ್ಟೇ 0.06 ಬಂದಿದ್ರೆ ಇನ್ನೆರಡು ಸಲ ಮಾಡ್ತಿದ್ಯಾ?"

ಅವಳಿಗೆ ಇದರಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಸುಮ್ಮನೆ ಕೇಳಿದ್ದು. ನಾನು "ಇಲ್ಲ" ಎಂದೆ, ಕಾಫಿ ಕುಡಿದೆ. ಆದರೆ ಆ ಪ್ರಶ್ನೆ ಆಮೇಲೆ ನನ್ನನ್ನು ಬಿಡಲಿಲ್ಲ, ಇಲ್ಲಿಗೂ ಬಂದಿದೆ.

ಹಿನ್ನೆಲೆ ಸ್ವಲ್ಪ ಹೇಳಬೇಕು. ಪುಣೆಯ ವಾಕಡಿನ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನ ಹಾಲಿನಲ್ಲಿ ಇನ್ನೂರು ಲೀಟರಿನ ಒಂದು ಉಪ್ಪುನೀರಿನ ಟ್ಯಾಂಕ್ ಇದೆ. ಆರ್‌ಓ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣ ಸೇರಿಸಿ ಮಾಡಿದ ಸಮುದ್ರ. ಎರಡು ಕ್ಲೌನ್ ಮೀನು, ಕೆಲವು ಬಸವನಹುಳು, ಕಲ್ಲುಗಳ ಮೇಲೆ ಮೆದು ಹವಳ. ಕಲ್ಲುಹವಳ ಇಲ್ಲ. ಅವನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಶೆಡ್ಯೂಲಿಗೆ, ಹುಲಿ ಆನೆಗಳ ಸಾಲಿಗೆ, ಸೇರಿಸಿದ್ದಾರೆ. ಹಾಗಿದ್ದೂ ಕೆಲವರು ಇಟ್ಟುಕೊಳ್ಳುತ್ತಾರೆ, ನಾನು ಇಟ್ಟುಕೊಂಡಿಲ್ಲ. ಇದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯಾಗುತ್ತದೆ. ನಾನು ನಿಯಮ ಪಾಲಿಸುವ ಮನುಷ್ಯ ಎಂಬ ಹೆಮ್ಮೆ. ಈ ಹೆಮ್ಮೆಯ ಸಂಗತಿ ಮುಂದೆ ಬರುತ್ತದೆ.

ಇಂಥ ಟ್ಯಾಂಕಿನಲ್ಲಿ ಅಳೆಯಬೇಕಾದ ಹಲವು ವಸ್ತುಗಳಲ್ಲಿ ಫಾಸ್ಫೇಟ್ ಒಂದು. ಮೀನಿಗೆ ಹಾಕುವ ಆಹಾರದಿಂದ ಬರುತ್ತದೆ. ಹೆಚ್ಚಾದರೆ ಪಾಚಿ ಬೆಳೆಯುತ್ತದೆ, ಕಲ್ಲುಹವಳವಾದರೆ ಅದರ ಸುಣ್ಣದ ಗೂಡು ಕಟ್ಟುವುದು ನಿಧಾನವಾಗುತ್ತದೆ. ಪೂರ್ತಿ ಇಲ್ಲವಾದರೂ ಕಷ್ಟ, ಹವಳ ಸೊರಗುತ್ತದೆ. ನಮ್ಮಂಥ ಹವ್ಯಾಸಿಗಳು ಸಾಮಾನ್ಯವಾಗಿ ಲೀಟರಿಗೆ 0.03ರಿಂದ 0.10 ಮಿಲಿಗ್ರಾಂ ಒಳಗೆ ಇಡಲು ನೋಡುತ್ತೇವೆ. 0.10 ಎಂದರೆ ನನ್ನ ಇಡೀ ಟ್ಯಾಂಕಿನಲ್ಲಿ ಇಪ್ಪತ್ತು ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ. ಅಷ್ಟನ್ನು ಇನ್ನೂರು ಲೀಟರ್ ನೀರಿನಲ್ಲಿ ಹುಡುಕಬೇಕು.

ಹುಡುಕುವ ವಿಧಾನ ಹಳೆಯದೇ. ಮಾಲಿಬ್ಡೇಟ್ ಮತ್ತು ಆಮ್ಲ ಸೇರಿದರೆ ಫಾಸ್ಫೇಟ್ ಅದರೊಡನೆ ಒಂದು ಸಂಯುಕ್ತವಾಗುತ್ತದೆ, ಅದಕ್ಕೆ ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ತಗುಲಿದರೆ ನೀಲಿ ಬಣ್ಣ ಬರುತ್ತದೆ. ಮರ್ಫಿ ಮತ್ತು ರೈಲಿ ಎಂಬಿಬ್ಬರು 1962ರಲ್ಲಿ ಪ್ರಕಟಿಸಿದ ರೂಪದಲ್ಲೇ ಇದು ಇಂದಿಗೂ ಹೆಚ್ಚುಕಡಿಮೆ ನಡೆಯುತ್ತಿದೆ. ನನ್ನ ಹತ್ತಿರ ಇರುವುದು ಅಂಗೈಯಲ್ಲಿ ಹಿಡಿಸುವ ಕಲರಿಮೀಟರ್. ಹತ್ತು ಎಂಎಲ್ ನೀರು ಸೀಸೆಗೆ ಹಾಕಿ, ಮೊದಲು ಬರಿ ನೀರನ್ನು ತೋರಿಸಿ ಸೊನ್ನೆ ಮಾಡಿಸಬೇಕು. ಆಮೇಲೆ ಪೊಟ್ಟಣದ ಪುಡಿ ಹಾಕಿ, ಮೆಲ್ಲಗೆ ಅಲುಗಾಡಿಸಿ ಕರಗಿಸಿ, ಮೂರು ನಿಮಿಷ ಬಿಟ್ಟು ಓದಬೇಕು. ಆ ನೀಲಿ ಎಷ್ಟು ತೆಳು ಎಂದರೆ ಕಣ್ಣಿಗೆ ಇದೆಯೋ ಇಲ್ಲವೋ ಅನ್ನಿಸುತ್ತದೆ. ಯಂತ್ರಕ್ಕೆ ಕಾಣುತ್ತದೆ. ಆದರೆ ಬೆರಳಚ್ಚು, ಗೀರು, ಗುಳ್ಳೆ, ಕರಗದ ಪುಡಿಯ ಕಣ ಇವೂ ಯಂತ್ರಕ್ಕೆ ಕಾಣುತ್ತವೆ. ಬೆಳಕಿಗೆ ಅಡ್ಡ ಬಂದದ್ದೆಲ್ಲ ಅದರ ಲೆಕ್ಕದಲ್ಲಿ ಫಾಸ್ಫೇಟೇ.

ಆದ್ದರಿಂದ ಮತ್ತೆ ಅಳೆಯುವುದು ತಪ್ಪೇನಲ್ಲ. ಮಗಳ ಪ್ರಶ್ನೆಗೆ ನಾನು ಮನಸ್ಸಿನಲ್ಲಿ ಕೊಟ್ಟುಕೊಂಡ ಮೊದಲ ಉತ್ತರ ಇದೇ. 0.18 ಅನುಮಾನಾಸ್ಪದವಾಗಿತ್ತು, ಎರಡು ವಾರದ ಹಿಂದಷ್ಟೇ ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡಿನ ಹರಳು ಹಾಕಿದ್ದೆ, ಇಳಿದಿರಲೇಬೇಕು, ಆದ್ದರಿಂದ ಪರೀಕ್ಷಿಸಿದೆ. ವಿಜ್ಞಾನ ಓದಿದವರು ಮಾಡುವುದೂ ಹಾಗೆಯೇ.

ಟೇಬಲ್ ಮೇಲೆ ಹರಿದ ಮೂರು ಪೊಟ್ಟಣಗಳು ಸಾಲಾಗಿ ಬಿದ್ದಿದ್ದವು. ಎತ್ತಿ ನೋಡಿದೆ. ಮೂರನೆಯದರ ಮೂಲೆಯಲ್ಲಿ ಪುಡಿ ಹಾಗೇ ಅಂಟಿಕೊಂಡು ಕೂತಿತ್ತು. ಪುಡಿ ಕಡಿಮೆಯಾದರೆ ಬಣ್ಣ ಕಡಿಮೆ, ಬಣ್ಣ ಕಡಿಮೆಯಾದರೆ ಸಂಖ್ಯೆ ಕಡಿಮೆ. ಮೂರು ನಿಮಿಷ ಪೂರ್ತಿ ಕಾದಿದ್ದೆನೋ ಇಲ್ಲವೋ, ಅದೂ ನೆನಪಿಲ್ಲ. ಬೇಗ ಓದಿದರೂ ಸಂಖ್ಯೆ ಕಡಿಮೆ. ಗುಳ್ಳೆ, ಬೆರಳಚ್ಚು ಇವು ಸಂಖ್ಯೆಯನ್ನು ಮೇಲಕ್ಕೆ ತಳ್ಳುವ ತಪ್ಪುಗಳು, ಅವನ್ನು ನಾನು ದುರ್ಬೀನು ಹಾಕಿ ಹುಡುಕಿದ್ದೆ. ಕೆಳಕ್ಕೆ ಎಳೆಯುವ ತಪ್ಪುಗಳ ಕಡೆ ತಿರುಗಿಯೂ ನೋಡಿರಲಿಲ್ಲ.

ಇನ್ನೂ ಒಂದಿದೆ. 0.18 ಅನಿರೀಕ್ಷಿತವಾದ್ದರಿಂದ ಅನುಮಾನ ಬಂತು ಎಂದೆನಲ್ಲ, ಹಾಗಿದ್ದರೆ ಆ ದಿನ 0.00 ಬಂದಿದ್ದರೂ ಅನುಮಾನ ಬರಬೇಕಿತ್ತು. ಗಾಜಿನ ಮೇಲೆ ಹಸಿರು ಪಾಚಿ ಇರುವ ಟ್ಯಾಂಕಿನಲ್ಲಿ ಸೊನ್ನೆ ಬಂದರೆ ಅದಕ್ಕೆ ಅರ್ಥ ಫಾಸ್ಫೇಟ್ ಬರುತ್ತಿಲ್ಲ ಎಂದಲ್ಲ, ಬಂದದ್ದನ್ನೆಲ್ಲ ಪಾಚಿ ತಿಂದು ಮುಗಿಸುತ್ತಿದೆ ಎಂದು. ಮೀಟರ್ ಅಳೆಯುವುದು ತಿಂದು ಉಳಿದದ್ದನ್ನು. ಇದೆಲ್ಲ ನನಗೆ ಚೆನ್ನಾಗಿ ಗೊತ್ತು, ಹೊಸಬರಿಗೆ ಉಪದೇಶವನ್ನೂ ಮಾಡಿದ್ದೇನೆ. ಆದರೂ 0.00 ಬಂದಿದ್ದರೆ ಫೋಟೋ ತೆಗೆದು ಗೆಳೆಯರಿಗೆ ಕಳಿಸುತ್ತಿದ್ದೆ. ಅನಿರೀಕ್ಷಿತ ಎಂಬ ಮಾತು ನೆಪ. ನನಗೆ ಇಷ್ಟವಾಗಲಿಲ್ಲ, ಅಷ್ಟೇ.

ಹಾಗಾದರೆ ನಾನು ಸುಳ್ಳು ಹೇಳಿದೆನೇ? ಮೂರೂ ಸಂಖ್ಯೆಗಳು ನಿಜವಾಗಿ ಬಂದವು. 0.06 ಅನ್ನು ನಾನು ಕಟ್ಟಿ ಬರೆಯಲಿಲ್ಲ. ಯಾರಾದರೂ ಪಕ್ಕದಲ್ಲಿ ನಿಂತು ನೋಡಿದ್ದರೂ 0.06 ಎಂದೇ ಸಾಕ್ಷಿ ಹೇಳುತ್ತಿದ್ದರು. ನನ್ನ ಕೈವಾಡ ಇದ್ದದ್ದು ಒಂದೇ ಕಡೆ: ಯಾವಾಗ ನಿಲ್ಲಿಸಬೇಕು ಎಂದು ತೀರ್ಮಾನಿಸುವಲ್ಲಿ. ಮೂರನೆಯದೂ 0.15 ಬಂದಿದ್ದರೆ ನಾಲ್ಕನೆಯದು ಮಾಡುತ್ತಿದ್ದೆ. ಬೇಕಾದ ಸಂಖ್ಯೆ ಬರುವವರೆಗೂ ಅಳೆಯುತ್ತೇನೆ, ಬಂದೊಡನೆ ನಿಲ್ಲಿಸುತ್ತೇನೆ ಎಂದು ಮೊದಲೇ ಒಳಗೆ ಒಪ್ಪಂದವಾಗಿದ್ದರೆ ಅಳತೆಗೆ ಏನು ಕೆಲಸ?

ನಮ್ಮಪ್ಪ ಹಾಸನ ಜಿಲ್ಲೆಯ ನಮ್ಮೂರಿನ ಹಾಲಿನ ಡೈರಿಯಲ್ಲಿ ಕೆಲವು ವರ್ಷ ಟೆಸ್ಟರ್ ಆಗಿದ್ದರು. ಡಿಗ್ರಿ ಕಡಿಮೆ ಬಂದವರು "ಇನ್ನೊಂದ್ ಸಲ ನೋಡಣ್ಣ, ಈಗ ಕರ್ದಿದ್ದು, ಬಿಸಿ ಐತೆ" ಅನ್ನುವರು. ಅದು ಸುಳ್ಳೂ ಅಲ್ಲ, ಬೆಚ್ಚಗಿನ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಹೆಚ್ಚು ಮುಳುಗುತ್ತದೆ, ಡಿಗ್ರಿ ಕಡಿಮೆ ತೋರಿಸುತ್ತದೆ. ಅಪ್ಪ ಹಾಲು ಆರಲು ಬಿಟ್ಟು ಇನ್ನೊಮ್ಮೆ ನೋಡುತ್ತಿದ್ದರು. ಆದರೆ ಜೊತೆಗೆ ಅವರ ಹಿಂದಿನವರದ್ದು ಮುಂದಿನವರದ್ದೂ ಇನ್ನೊಮ್ಮೆ ನೋಡುತ್ತಿದ್ದರು. ಅದರಿಂದ ಜಗಳ. ಮೊದಲು ಒಳ್ಳೆ ಡಿಗ್ರಿ ಬಂದು ಎರಡನೇ ಸಲ ಇಳಿದವರು, "ನಾನೇನು ಕೇಳಿದ್ನಾ ನಿಂಗೆ?" ಎಂದು ರೇಗುವರು. ಅವರು ಕೇಳಿದ್ದು ನ್ಯಾಯವೇ ಎಂದು ಆಗ ನನಗೂ ಅನ್ನಿಸಿತ್ತು. ಒಳ್ಳೆಯದು ಬಂದವರನ್ನು ಯಾಕೆ ಕೆದಕಬೇಕು? ಅಪ್ಪ ಇದಕ್ಕೆ ಯಾವ ವಿವರಣೆಯನ್ನೂ ಕೊಟ್ಟದ್ದು ನೆನಪಿಲ್ಲ. ಓದಿದ್ದು ಏಳನೇ ಕ್ಲಾಸು.

ಮುಂದಿನ ವಾರ ಒಂದು ಸರಿಯಾದ ಪರೀಕ್ಷೆ ಮಾಡೋಣ ಎಂದು ಹಟ ಹಿಡಿದೆ. ಮೀಟರನ್ನಷ್ಟೇ ಅಲ್ಲ, ನನ್ನನ್ನೂ ಪರೀಕ್ಷಿಸಬೇಕಿತ್ತು. ಉತ್ತರ ಗೊತ್ತಿರುವ ನೀರು ಬೇಕು. ದ್ರಾಕ್ಷಿ, ದಾಳಿಂಬೆ ಬೆಳೆಯುವವರಿಗೆ 0:52:34 ಗೊಬ್ಬರ ಗೊತ್ತಿರುತ್ತದೆ. ನೀರಿನಲ್ಲಿ ಪೂರ್ತಿ ಕರಗುವ ಮಾನೊ ಪೊಟ್ಯಾಸಿಯಂ ಫಾಸ್ಫೇಟ್, ಹೆಚ್ಚುಕಡಿಮೆ ಶುದ್ಧ ರಾಸಾಯನಿಕವೇ. ಗೊಬ್ಬರದ ಅಂಗಡಿಯಿಂದ ಒಂದು ಕಿಲೋ ಪೊಟ್ಟಣ ತಂದೆ. ಪರಿಚಯದ ಚಿನ್ನದಂಗಡಿಯ ತಕ್ಕಡಿಯಲ್ಲಿ 1.433 ಗ್ರಾಂ ತೂಗಿಸಿದೆ. ಅಂಗಡಿಯವರು ಪುಡಿಯನ್ನೂ ನನ್ನನ್ನೂ ಎರಡೆರಡು ಸಲ ನೋಡಿದರು. ಅಷ್ಟನ್ನು ಒಂದು ಲೀಟರ್ ಆರ್‌ಓ ನೀರಿಗೆ ಹಾಕಿದರೆ ಲೀಟರಿಗೆ ಸಾವಿರ ಮಿಲಿಗ್ರಾಂ ಫಾಸ್ಫೇಟ್. ಅದರಲ್ಲಿ ಹತ್ತು ಎಂಎಲ್ ತೆಗೆದು ಒಂದು ಲೀಟರ್ ಮಾಡಿದರೆ ಹತ್ತು. ಅದರಲ್ಲಿ ಹತ್ತು ಎಂಎಲ್ ತೆಗೆದು ಮತ್ತೆ ಒಂದು ಲೀಟರ್ ಮಾಡಿದರೆ 0.10. ಪಾತ್ರೆಗಳನ್ನು ಸೋಪು ಮುಟ್ಟಿಸದೆ ತೊಳೆಯಬೇಕು, ಕೆಲವು ಸೋಪುಪುಡಿಗಳಲ್ಲೇ ಫಾಸ್ಫೇಟ್ ಇರುತ್ತದೆ.

ಮಗಳಿಗೆ ಮೂರು ಲೋಟ ಕೊಟ್ಟೆ. ಒಂದರಲ್ಲಿ ಟ್ಯಾಂಕಿನ ನೀರು, ಒಂದರಲ್ಲಿ ಬರಿ ಆರ್‌ಓ, ಒಂದರಲ್ಲಿ 0.10. ಯಾವುದು ಯಾವುದೆಂದು ನನಗೆ ಹೇಳಬಾರದು, ತನಗಿಷ್ಟ ಬಂದ ಕ್ರಮದಲ್ಲಿ ಪ್ರತಿಯೊಂದನ್ನೂ ಎರಡು ಸಲ ಕೊಡಬೇಕು, ಬಂದ ಸಂಖ್ಯೆಯನ್ನು ಅವಳೇ ಬರೆದುಕೊಳ್ಳಬೇಕು. ಆರು ಪೊಟ್ಟಣ ಖಾಲಿ. ಒಂದೊಂದು ಪೊಟ್ಟಣಕ್ಕೂ ಒಂದು ಮಸಾಲೆ ದೋಸೆಯ ದುಡ್ಡು, ಹೆಂಡತಿ ಅದನ್ನೂ ಲೆಕ್ಕ ಹಾಕಿದಳು. ಸೊನ್ನೆಗೂ ಓದಿಗೂ ಒಂದೇ ಸೀಸೆ, ಅದರ ಮೇಲೊಂದು ಗುರುತು, ಪ್ರತಿ ಸಲವೂ ಆ ಗುರುತು ನನ್ನ ಕಡೆಗೆ. ಒರೆಸಿದ್ದು, ತಟ್ಟಿ ಗುಳ್ಳೆ ಬಿಡಿಸಿದ್ದು, ಪೊಟ್ಟಣ ಕೊಡವಿದ್ದು ಎಲ್ಲಕ್ಕೂ ಒಂದೇ ರೀತಿ. ಏನು ಬರಬೇಕೆಂದು ಗೊತ್ತಿಲ್ಲದಾಗ ಕೈ ಎಷ್ಟು ಶಾಂತವಾಗಿ ಕೆಲಸ ಮಾಡುತ್ತದೆ ಎಂದು ನನಗೇ ಆಶ್ಚರ್ಯವಾಯಿತು.

ಆರ್‌ಓ ನೀರು 0.00, 0.01. ನನ್ನ ಗೊಬ್ಬರದ ನೀರು 0.11, 0.09. ಟ್ಯಾಂಕು 0.17, 0.16.

ಅಂದರೆ ಮೊದಲ ರೀಡಿಂಗೇ ಸತ್ಯಕ್ಕೆ ಹತ್ತಿರವಿತ್ತು. ಹರಳು ಹಾಕಿದ್ದು ಕೆಲಸ ಮಾಡದೆಯೂ ಇರಲಿಲ್ಲ. ಸುಣ್ಣದ ಕಲ್ಲು, ಮರಳು ವರ್ಷಗಟ್ಟಲೆ ಹೀರಿಟ್ಟುಕೊಂಡ ಫಾಸ್ಫೇಟನ್ನು ನೀರಿನಲ್ಲಿ ಕಡಿಮೆಯಾದಂತೆ ವಾಪಸು ಬಿಡುತ್ತಾ ಹೋಗುತ್ತವೆ. ಇಳಿಯಲು ತಿಂಗಳುಗಳು ಬೇಕು. ಇನ್ನೊಂದು ಮಾತು, 0.17ರಿಂದ ಮೆದು ಹವಳಕ್ಕೆ ಏನೂ ಆಗುವುದಿಲ್ಲ. ಅವು ಆರಾಮವಾಗಿ ಅರಳಿಕೊಂಡೇ ಇದ್ದವು. ನಾನು ಬರೆದ 0.06ರಿಂದ ಯಾರಿಗೂ ಯಾವ ನಷ್ಟವೂ ಆಗಲಿಲ್ಲ. ಅಷ್ಟು ಸಣ್ಣ, ಲಾಭವಿಲ್ಲದ ಕಡೆಯೂ ಕೈ ತಾನಾಗಿ ಅತ್ತ ಹೋಯಿತಲ್ಲ, ಈ ಅಭ್ಯಾಸ ಎಲ್ಲಿ ಆಯಿತು?

ಎಲ್ಲಿ ಆಯಿತೆಂದು ನನಗೆ ಗೊತ್ತಿತ್ತು.

ನಾಲ್ಕು ವರ್ಷದ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಪ್ರಾಜೆಕ್ಟಿನಲ್ಲಿ ಲೋಡ್ ಟೆಸ್ಟ್ ಇತ್ತು. ಐನೂರು ಜನ ಒಟ್ಟಿಗೆ ಬಂದರೂ ಪೇಜ್ ಮೂರು ಸೆಕೆಂಡಿನೊಳಗೆ ತೆರೆಯಬೇಕು. ಮೊದಲ ಸಲ 4.1 ಬಂತು. ಸರ್ವರ್ ಬೇರೆ ತಂಡದವರೂ ಬಳಸುತ್ತಿದ್ದರು, ಅದರಿಂದ ಇರಬೇಕು ಎಂದೆ. ಎರಡನೇ ಸಲ 3.6. ಶನಿವಾರ ರಾತ್ರಿ ಹನ್ನೊಂದಕ್ಕೆ, ಯಾರೂ ಇಲ್ಲದಾಗ, ಮೂರನೇ ಸಲ ಮಾಡಿಸಿದೆ. 2.8. ರಿಪೋರ್ಟಿನಲ್ಲಿ 2.8 ಹೋಯಿತು, ಶೀಟಿನಲ್ಲಿ ಹಸಿರು ಬಣ್ಣ ಬಂತು. ಟೆಸ್ಟ್ ಮಾಡಿದ ಹುಡುಗಿ ಕಲಬುರಗಿ ಕಡೆಯವಳು, ಕೆಲಸಕ್ಕೆ ಸೇರಿ ಎರಡು ವರ್ಷ. "ಸರ್, ಮೊದಲಿನ ಎರಡೂ ಹಾಕಬೇಕಲ್ರೀ?" ಎಂದು ಕೇಳಿದ್ದಳು. "ಅವು ಎನ್ವಿರಾನ್ಮೆಂಟ್ ಸಮಸ್ಯೆ, ರನ್ ಅಲ್ಲವೇ ಅಲ್ಲ" ಎಂದೆ. ಆ ಕ್ಷಣದಲ್ಲಿ ಹಾಗೆಂದು ನಂಬಿಯೂ ಇದ್ದೆ. ಸುಳ್ಳು ಸಂಖ್ಯೆ ಹಾಕು ಎಂದು ಯಾರಾದರೂ ಹೇಳಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ. ನಾನು ನಿಯಮ ಪಾಲಿಸುವ ಮನುಷ್ಯನಲ್ಲವೇ.

ಮೊದಲ ತಿಂಗಳ ಕೊನೆಯಲ್ಲೇ ಸಿಸ್ಟಮ್ ನಿಂತುಹೋಯಿತು. ಟೆಸ್ಟಿಂಗಿನಲ್ಲಿ ಇದು ಯಾಕೆ ಸಿಗಲಿಲ್ಲ ಎಂದು ಮೀಟಿಂಗ್ ಆಯಿತು. ರಿಪೋರ್ಟಿನ ಕೆಳಗೆ ಅವಳ ಹೆಸರಿತ್ತು. ನಾನು "ಪ್ರೊಸೆಸ್ ಸುಧಾರಿಸಬೇಕು" ಎಂದೆ. ಆ ವರ್ಷ ಅವಳ ರೇಟಿಂಗ್ ಇಳಿಯಿತು. ಆರು ತಿಂಗಳಿಗೆ ಬಿಟ್ಟು ಹೋದಳು.

ಇದನ್ನು ನಾನು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ನೆನೆದು ಕೊರಗುತ್ತಿದ್ದೆ ಎಂದರೂ ಸುಳ್ಳು. 2.8 ಎಂದು ಬರೆದು ಪೆನ್ನು ಮುಚ್ಚಿದ್ದೆ.

ಈಗ ಟ್ಯಾಂಕಿಗೆ ಒಂದು ನಿಯಮ ಮಾಡಿಕೊಂಡಿದ್ದೇನೆ. ವಾರಕ್ಕೊಮ್ಮೆ, ಮೀನಿಗೆ ಆಹಾರ ಹಾಕುವ ಮೊದಲು, ಎರಡು ಸಲ. ಎರಡೂ ಬರೆಯಬೇಕು. ಎರಡರ ನಡುವೆ 0.04ಕ್ಕಿಂತ ಹೆಚ್ಚು ಅಂತರ ಬಂದರೆ ಮಾತ್ರ ಮೂರನೆಯದು, ಆಗಲೂ ಮೂರನ್ನೂ ಬರೆಯಬೇಕು. ಎಷ್ಟು ಸಲ ಎಂಬುದು ಸಂಖ್ಯೆ ನೋಡುವ ಮೊದಲೇ ತೀರ್ಮಾನವಾಗಿರಬೇಕು. ಆಫೀಸಿನಲ್ಲೂ ಎಲ್ಲ ರನ್‌ಗಳನ್ನೂ ಹಾಕಿ ಎಂದು ತಂಡಕ್ಕೆ ಹೇಳಿದ್ದೇನೆ. ಶೀಟಿನಲ್ಲಿ ಹಳದಿ ಹೆಚ್ಚಾಗಿದೆ, ಮೇಲಿನವರು ಎರಡು ಸಲ ಕಾರಣ ಕೇಳಿದ್ದಾರೆ.

ಆ ಹುಡುಗಿಯ ನಂಬರ್ ಇತ್ತು. ಹೈದರಾಬಾದಿನಲ್ಲಿದ್ದಾಳೆ ಎಂದು ಗೊತ್ತಿತ್ತು. ಬರೆದೆ. ಆ ರಿಪೋರ್ಟಿನ ತೀರ್ಮಾನ ನನ್ನದು, ಮೀಟಿಂಗಿನಲ್ಲಿ ಅದನ್ನು ಹೇಳಬೇಕಿತ್ತು, ಹೇಳಲಿಲ್ಲ ಎಂದು. ಕ್ಷಮಿಸು ಎಂಬ ಪದ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಮೂರು ದಿನದ ಮೇಲೆ ಉತ್ತರ ಬಂತು.

"ನಮಸ್ಕಾರ ಸರ್. ಮೂರೂ ರನ್‌ನ ಫೈಲು ಆವಾಗ ನನ್ನ ಹತ್ರಾನೇ ಇದ್ವು. ಮನ್ಯಾಗ ಎಲ್ಲಾರೂ ಆರಾಮ ಇದ್ದೀರಲ್ರೀ?"

ಆರಾಮ ಎಂದು ಬರೆದೆ. ಆ ಫೈಲುಗಳನ್ನು ಯಾಕೆ ತೋರಿಸಲಿಲ್ಲ ಎಂದು ಕೇಳಲು ಇನ್ನೂ ಧೈರ್ಯ ಬಂದಿಲ್ಲ.